ಮೋಟಾರ್ ಬಿಗಿ, ಚಕ್ರ ಸಡಿಲ: ರೋಬೋ ಸ್ಪರ್ಧೆಗೆ ಸಾಮಾನು ಕೊಳ್ಳುವ ಮುನ್ನ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಿಗುವ 12 ವೋಲ್ಟಿನ ಜಾನ್ಸನ್ ಗೇರ್ ಮೋಟಾರ್ ಕೆಟ್ಟ ಸರಕೇನಲ್ಲ. ಎಂಜಿನಿಯರಿಂಗ್ ಓದುವ ಹುಡುಗರ ಎಷ್ಟೋ ಪ್ರಾಜೆಕ್ಟುಗಳು ಅದರ ಬಲದಲ್ಲೇ ಓಡಿವೆ. ತೂಕ, ಅಳತೆ ಹೊಂದುವಂಥದ್ದನ್ನು ಆರಿಸಿ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನ ‘ಫ್ಯೂಚರ್ ಎಂಜಿನಿಯರ್ಸ್’ ವಿಭಾಗದ ಪುಟ್ಟ ಕಾರಿಗೆ ಹಾಕಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಅದನ್ನೇ ‘ಫಸ್ಟ್ ಟೆಕ್ ಚಾಲೆಂಜ್’ ಸ್ಪರ್ಧೆಗೆ ಒಯ್ದರೆ ತಪಾಸಣೆಯ ಮೇಜಿನ ಮೇಲೇ ಬಿಚ್ಚಿಡಬೇಕಾಗುತ್ತದೆ. ಮೋಟಾರಿನ ಗುಣಮಟ್ಟವನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರಿಲ್ಲ, ಅಷ್ಟೇ.

ಮಗಳೋ ಮಗನೋ ಶಾಲೆಯ ರೋಬೋಟಿಕ್ಸ್ ತಂಡ ಸೇರಿದ ಕೂಡಲೇ ಮನೆಯಲ್ಲಿ ಶುರುವಾಗುವುದು ಖರೀದಿಯ ಮಾತು. ಯಾವ ಕಿಟ್, ಯಾವ ಚಕ್ರ, ಎಷ್ಟು ಆರ್‌ಪಿಎಂ ಮೋಟಾರ್? ನಿಯಮ ಪುಸ್ತಕ ತೆರೆಯುವುದು ಆರ್ಡರ್ ಹಾಕಿದ ಮೇಲೆ, ಒಮ್ಮೊಮ್ಮೆ ಸ್ಪರ್ಧೆಯ ಹಿಂದಿನ ರಾತ್ರಿ. ರೋಬೋವನ್ನು ಓಡಿಸುವ ಭಾಗಗಳ ವಿಷಯದಲ್ಲಿ ಈ ಕ್ರಮ ದುಬಾರಿ. ತೋಳಿನದೊಂದು ತುಂಡು ನಿಯಮಕ್ಕೆ ಹೊಂದದಿದ್ದರೆ ಅದನ್ನು ಕಳಚಿ ಆಡಬಹುದು. ಓಡಿಸುವ ಮೋಟಾರೇ ಹೊಂದದಿದ್ದರೆ ರೋಬೋ ಅಂಕಣಕ್ಕೇ ಇಳಿಯುವುದಿಲ್ಲ.

ಇಂಥ ಹಲವು ಸ್ಪರ್ಧೆಗಳ ನಿಯಮಗಳಲ್ಲಿ ಎರಡು ಸ್ವಭಾವಗಳಿವೆ. ಮೋಟಾರ್, ಬ್ಯಾಟರಿ, ಅವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಬಂದರೆ ‘ಪಟ್ಟಿಯಲ್ಲಿ ಇದ್ದರೆ ಮಾತ್ರ ಉಂಟು’. ಚಕ್ರ, ಗೇರು, ಚೈನು, ಬೆಲ್ಟು, ಷಾಸಿಗಳಿಗೆ ಬಂದರೆ ‘ಬೇಡ ಅನ್ನದಿದ್ದರೆ ಸರಿ’. ಒಂದೇ ಪುಸ್ತಕದಲ್ಲಿ ಎರಡೂ ಇರುವುದರಿಂದ ಓದುವವರು ಎಡವುತ್ತಾರೆ. ಚಕ್ರದ ನಿಯಮ ಓದಿದ ಧಾಟಿಯಲ್ಲೇ ಮೋಟಾರಿನ ನಿಯಮವನ್ನೂ ಓದಿ, ‘ಇದನ್ನು ಬಳಸಬಾರದು ಅಂತ ಎಲ್ಲೂ ಬರೆದಿಲ್ವಲ್ಲ’ ಎಂದು ವಾದಿಸುವ ತಂಡ ಪ್ರತಿ ಸ್ಪರ್ಧೆಯಲ್ಲೂ ಒಂದಾದರೂ ಇರುತ್ತದೆ. ಬರೆದಿರಬೇಕಾಗಿಯೇ ಇಲ್ಲ.

ಎಂಟು ಮೋಟಾರಿನ ಲೆಕ್ಕ

ಫಸ್ಟ್ ಟೆಕ್ ಚಾಲೆಂಜ್ ಅನ್ನೇ ಹತ್ತಿರದಿಂದ ನೋಡೋಣ. 1989ರಲ್ಲಿ ಅಮೆರಿಕದ ಸಂಶೋಧಕ ಡೀನ್ ಕೇಮನ್ ಕಟ್ಟಿದ ‘ಫಸ್ಟ್’ ಸಂಸ್ಥೆಯ ಸ್ಪರ್ಧೆ ಇದು. ಅಮೆರಿಕದಲ್ಲಿ 7ರಿಂದ 12ನೇ ತರಗತಿಯವರು ಆಡುತ್ತಾರೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳು ಇಂಥ ತಂಡಗಳಲ್ಲಿರುವುದು ಈಗ ಹೊಸ ಸುದ್ದಿಯಲ್ಲ. ಭಾರತದ ತಂಡಗಳೂ ಇವೆ. ಅಂಕಣ 12 ಅಡಿ ಉದ್ದ, 12 ಅಡಿ ಅಗಲ, ನೆಲಕ್ಕೆ ಫೋಮ್ ಟೈಲುಗಳು. ಆಟ ಶುರುವಾಗುವಾಗ ರೋಬೋ 18 ಇಂಚಿನ ಘನದೊಳಗೆ, ಎಂದರೆ ಎಲ್ಲ ದಿಕ್ಕಿಗೂ ಸುಮಾರು 45.7 ಸೆಂಟಿಮೀಟರ್ ಒಳಗೆ ಕೂರಬೇಕು.

ಈ ರೋಬೋದಲ್ಲಿ ಹೆಚ್ಚೆಂದರೆ ಎಂಟು ಡಿಸಿ ಮೋಟಾರ್. ಯಾವ ಎಂಟು ಎಂಬುದಕ್ಕೂ ಪಟ್ಟಿ ಉಂಟು: ಆಂಡಿಮಾರ್ಕ್‌ನ ನೆವರೆಸ್ಟ್, ಗೋಬಿಲ್ಡಾದ ಯೆಲ್ಲೋ ಜಾಕೆಟ್, ರೆವ್ ಕಂಪನಿಯ ಎಚ್‌ಡಿ ಹೆಕ್ಸ್ ಮತ್ತು ಕೋರ್ ಹೆಕ್ಸ್, ಟೆಟ್ರಿಕ್ಸ್‌ನ ಟಾರ್ಕ್‌ನಾಡೋ, ಹೀಗೆ ಕೆಲವೇ ಹೆಸರುಗಳು. ಎಲ್ಲವೂ 12 ವೋಲ್ಟಿನವು, ಎಲ್ಲವೂ ಬ್ರಷ್ ಇರುವಂಥವು. ಇದೇ ಸಂಸ್ಥೆಯ ದೊಡ್ಡ ಮಕ್ಕಳ ಸ್ಪರ್ಧೆಯಲ್ಲಿ ಸಲ್ಲುವ ನಿಯೋದಂಥ ಬ್ರಷ್‌ಲೆಸ್ ಮೋಟಾರ್ ಇಲ್ಲಿ ಸಲ್ಲದು. ಬ್ರ್ಯಾಂಡ್ ಒಂದೇ ಆದರೆ ಸಾಲದು, ಪಾರ್ಟ್ ನಂಬರೂ ತಾಳೆಯಾಗಬೇಕು. ಯೆಲ್ಲೋ ಜಾಕೆಟ್‌ನದೇ ಗಾತ್ರ, ಅದರದೇ ಆಕಾರದ ಪ್ಲಾನೆಟರಿ ಗೇರ್ ಮೋಟಾರುಗಳು ಆನ್‌ಲೈನ್ ಅಂಗಡಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಬಿಚ್ಚಿ ನೋಡಿದರೆ ಒಳಗೂ ಹೆಚ್ಚು ವ್ಯತ್ಯಾಸ ಕಾಣಲಿಕ್ಕಿಲ್ಲ. ತಪಾಸಣೆ ಮಾಡುವವರು ಬಿಚ್ಚಿ ನೋಡುವುದಿಲ್ಲ, ಸ್ಟಿಕ್ಕರ್ ನೋಡುತ್ತಾರೆ.

“ಈ ಮೋಟಾರಿನ ನಂಬರ್ ಎಲ್ಲಿದೆ, ತೋರಿಸು.”

“ಸ್ಟಿಕ್ಕರ್ ಕಿತ್ತು ಹೋಯ್ತು ಸರ್.”

“ಬಿಲ್ ಇದೆಯಾ?”

ಇಲ್ಲಿ ‘ಇದೆ ಸರ್’ ಎನ್ನುವ ಮಗು ಹತ್ತು ನಿಮಿಷದಲ್ಲಿ ಮುಂದಿನ ಸಾಲಿಗೆ ಹೋಗುತ್ತದೆ. ಉಳಿದವರು ಬದಲಿ ಮೋಟಾರಿಗಾಗಿ ಪಕ್ಕದ ತಂಡದವರನ್ನು ಬೇಡಬೇಕು. ಮೋಟಾರಿನ ಮೇಲೆ ಬಣ್ಣ ಬಳಿಯುವುದು, ಅಂದಕ್ಕೆ ಅಂತ ಟೇಪ್ ಸುತ್ತುವುದು ಬೇಡ ಎನ್ನುವುದು ಇದಕ್ಕೇ. ಬಿಲ್ಲಿನ ಒಂದು ಪ್ರತಿಯನ್ನು ತಂಡದ ಕಡತದಲ್ಲಿಟ್ಟರೆ ಯಾವ ವಾದವೂ ಬೇಕಾಗುವುದಿಲ್ಲ.

ಮೋಟಾರನ್ನು ಬಿಚ್ಚಿ ಒಳಗಿನ ಸುರುಳಿ, ಬ್ರಷ್ ಮುಟ್ಟುವಂತಿಲ್ಲ. ಅದಕ್ಕೆ ಅಂಟಿದ ಗೇರ್‌ಬಾಕ್ಸ್ ಮಾತ್ರ ಬೇರೆ ಮಾತು. ಅನುಪಾತ ಬದಲಿಸಬಹುದು, ಗ್ರೀಸ್ ಹಚ್ಚಬಹುದು, ಹೊರ ಷಾಫ್ಟ್ ಕತ್ತರಿಸಿ ಗಿಡ್ಡ ಮಾಡಬಹುದು. ರೆವ್‌ನ ಎಚ್‌ಡಿ ಹೆಕ್ಸ್ ಮೋಟಾರಿಗೆ ಬರುವ ಅಲ್ಟ್ರಾಪ್ಲಾನೆಟರಿ ಗೇರ್‌ಬಾಕ್ಸ್ ಇರುವುದೇ ಹಾಗೆ: 3, 4, 5 ಪಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ ಬೇಕಾದ ವೇಗ ಮಾಡಿಕೊಳ್ಳಬೇಕು. ಆ ಮೋಟಾರಿನ ಗಾತ್ರ, ಶಕ್ತಿ ಎಲ್ಲರಿಗೂ ಒಂದೇ. ಆ ಶಕ್ತಿಯನ್ನು ವೇಗವಾಗಿ ಮಾಡಿಕೊಳ್ಳುವುದೋ ಎಳೆತವಾಗಿ ಮಾಡಿಕೊಳ್ಳುವುದೋ ಎಂಬುದನ್ನು ತಂಡಕ್ಕೇ ಬಿಟ್ಟಿದ್ದಾರೆ.

ಎಂಟರಲ್ಲಿ ಓಡಾಟಕ್ಕೆಷ್ಟು? ನಿಯಮ ಇಷ್ಟೇ ಎಂದು ಹೇಳುವುದಿಲ್ಲ. ಸಾಮಾನ್ಯವಾಗಿ ನಾಲ್ಕು ಚಕ್ರಕ್ಕೆ ನಾಲ್ಕು, ಉಳಿದ ನಾಲ್ಕು ತೋಳು, ಎತ್ತುಗೆಗಳಿಗೆ. ಆರು ಮೋಟಾರು ಚಕ್ರಕ್ಕೇ ಸುರಿದು ಬೇರೆಯವರನ್ನು ತಳ್ಳಿಕೊಂಡು ಹೋಗುತ್ತೇವೆ ಎನ್ನುವ ತಂಡಗಳೂ ಇವೆ. ತಳ್ಳುವುದಕ್ಕೆ ಅಂಕವಿಲ್ಲದ ಆಟದಲ್ಲಿ ಅದು ಶುದ್ಧ ದಂಡ. ಹೊಸ ತಂಡಕ್ಕೆ ಎರಡೇ ಮೋಟಾರ್ ಸಾಕು ಎಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ, ಆದರೂ ಹಿಂದೆ ಎರಡು ಓಡುವ ಚಕ್ರ, ಮುಂದೆ ಅಡ್ಡಕ್ಕೂ ಜಾರುವ ಎರಡು ಓಮ್ನಿ ಚಕ್ರದ ರೋಬೋ ಮೊದಲ ವರ್ಷಕ್ಕೆ ಧಾರಾಳ.

ಮೀಟರ್, ಸೆಕೆಂಡ್ ಮತ್ತು ಫ್ಯೂಸ್

ಆರ್‌ಪಿಎಂ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಒಂದು ಹಾಳೆಯ ಮೇಲೆ ಪರೀಕ್ಷಿಸಬಹುದು. 96 ಮಿಲಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಯೆಲ್ಲೋ ಜಾಕೆಟ್‌ನ 312 ಆರ್‌ಪಿಎಂ ಮಾದರಿಯನ್ನು ನೇರ ಜೋಡಿಸಿದರೆ ಸೆಕೆಂಡಿಗೆ 1.57 ಮೀಟರ್. 435 ಆರ್‌ಪಿಎಂ ಆದರೆ 2.19 ಮೀಟರ್. ಅಂಕಣದ ಉದ್ದ 3.66 ಮೀಟರ್, ಎಂದರೆ ಮೊದಲನೆಯದಕ್ಕೆ ಎರಡೂಕಾಲು ಸೆಕೆಂಡಿನ ಮೇಲೆ ಸ್ವಲ್ಪ, ಎರಡನೆಯದಕ್ಕೆ ಒಂದೂ ಮುಕ್ಕಾಲಿನ ಒಳಗೆ. ಇದು ಭಾರವಿಲ್ಲದ, ನಿಲ್ಲದೆ ಓಡುವ ಲೆಕ್ಕ. ನಿಜದ ಆಟದಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅದೇ ಮಾಲಿಕೆಯಲ್ಲಿ 1150 ಆರ್‌ಪಿಎಂ ಮೋಟಾರೂ ಉಂಟು, ಅದೂ ನಿಯಮಬದ್ಧವೇ. ನೇರ ಚಕ್ರಕ್ಕೆ ಹಾಕಿದರೆ ಕಾಗದದ ಮೇಲೆ ಸೆಕೆಂಡಿಗೆ ಐದೂ ಮುಕ್ಕಾಲು ಮೀಟರ್! ಅಂಕಣಕ್ಕಿಳಿಸಿದರೆ ಎಳೆತ ಸಾಲದೆ ಏದುಸಿರು ಬಿಡುತ್ತದೆ.

ಏದುಸಿರು ಬಿಟ್ಟಾಗ ಏನಾಗುತ್ತದೆ ಎಂಬುದನ್ನು ಬ್ಯಾಟರಿಯ ನಿಯಮ ಹೇಳುತ್ತದೆ. ರೋಬೋಕ್ಕೆ ಒಂದೇ ಮುಖ್ಯ ಬ್ಯಾಟರಿ: 12 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್, ಸಾಮಾನ್ಯವಾಗಿ 3000 ಮಿಲಿಆಂಪಿಯರ್ ಅವರ್, ಅದರ ವೈರಿನಲ್ಲೇ 20 ಆಂಪಿಯರಿನ ಫ್ಯೂಸ್. ಇದಕ್ಕೂ ಪಟ್ಟಿ ಇದೆ. ಡ್ರೋನಿನ ಲಿಥಿಯಂ ಪಾಲಿಮರ್ ಬ್ಯಾಟರಿ ಎಷ್ಟೇ ಹಗುರವಿದ್ದರೂ ನಡೆಯುವುದಿಲ್ಲ. ಈಗ ಲೆಕ್ಕ ಹಾಕಿ. ಯೆಲ್ಲೋ ಜಾಕೆಟ್ ಮೋಟಾರೊಂದು ತಿರುಗಲಾಗದೆ ನಿಂತುಬಿಟ್ಟರೆ ಸೆಳೆಯುವ ಕರೆಂಟ್ 9.2 ಆಂಪಿಯರ್. ನಾಲ್ಕೂ ಚಕ್ರ ಗೋಡೆಗೆ ಒತ್ತಿ ನಿಂತರೆ 36.8. ಫ್ಯೂಸ್ ಇರುವುದು 20ಕ್ಕೆ. ಅದು ಆ ಕ್ಷಣವೇ ಹಾರದಿರಬಹುದು, ಆದರೆ ಬ್ಯಾಟರಿಯ ವೋಲ್ಟೇಜ್ ಕುಸಿದು ರೋಬೋದ ಮಿದುಳಾದ ಕಂಟ್ರೋಲ್ ಹಬ್ ತತ್ತರಿಸುತ್ತದೆ, ರೋಬೋ ಕೆಲವು ಸೆಕೆಂಡು ಕಲ್ಲಾಗುತ್ತದೆ. ಹಾರಿದ ಫ್ಯೂಸಿನ ಜಾಗಕ್ಕೆ 30 ಆಂಪಿಯರಿನದ್ದು ಹಾಕುವ ಯೋಚನೆ ಯಾರಿಗಾದರೂ ಬಂದೇ ಬರುತ್ತದೆ. ಅದೇ ಅಳತೆಯ ಫ್ಯೂಸೇ ಹಾಕಬೇಕು. ಇದು ಅಂಕದ ಪ್ರಶ್ನೆಗಿಂತ ವೈರು ಸುಡದಿರುವ ಪ್ರಶ್ನೆ.

ಆದ್ದರಿಂದ ಅನುಪಾತ ಆರಿಸುವಾಗ ಕೇಳಬೇಕಾದ್ದು ‘ಎಷ್ಟು ವೇಗ’ ಎಂದಷ್ಟೇ ಅಲ್ಲ, ‘ಗೋಡೆಗೆ ಒತ್ತಿದಾಗ ಚಕ್ರ ಜಾರುತ್ತದೋ ಮೋಟಾರ್ ನಿಲ್ಲುತ್ತದೋ’ ಎಂದು. ಚಕ್ರ ಜಾರಿದರೆ ಮೋಟಾರ್ ತಿರುಗುತ್ತಲೇ ಇರುತ್ತದೆ, ಕರೆಂಟ್ ಹಿಡಿತದಲ್ಲಿರುತ್ತದೆ. 312, 435ರ ಆಸುಪಾಸಿನ ಮಾದರಿಗಳು ಈ ಸ್ಪರ್ಧೆಯಲ್ಲಿ ಇಷ್ಟು ಜನಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣ.

ಮೋಟಾರನ್ನು ಓಡಿಸುವ ಎಲೆಕ್ಟ್ರಾನಿಕ್ಸ್‌ಗೂ ಬಾಗಿಲು ಕಿರಿದು. ರೆವ್ ಕಂಟ್ರೋಲ್ ಹಬ್‌ನಲ್ಲಿ ನಾಲ್ಕು ಮೋಟಾರ್ ಪೋರ್ಟ್, ಎಕ್ಸ್‌ಪಾನ್ಶನ್ ಹಬ್ ಸೇರಿಸಿದರೆ ಇನ್ನು ನಾಲ್ಕು; ಜೊತೆಗೆ ಸ್ಪಾರ್ಕ್‌ಮಿನಿ ಎಂಬ ಪುಟ್ಟ ನಿಯಂತ್ರಕಕ್ಕೂ ಅವಕಾಶವಿದೆ. ನಮ್ಮ ಶಾಲಾ ಲ್ಯಾಬುಗಳಲ್ಲಿ ಮನೆಮಾತಾಗಿರುವ ಎಲ್298ಎನ್ ಡ್ರೈವರ್ ಬೋರ್ಡಿಗೆ, ರೋಬೋವನ್ನು ನಡೆಸುವ ಮಿದುಳಾಗಿ ಆರ್ಡುಯಿನೊಗೆ ಇಲ್ಲಿ ಜಾಗವಿಲ್ಲ.

ಚಕ್ರಕ್ಕೆ ಬಂದರೆ

ಇಲ್ಲಿ ಗಾಳಿ ಬೇರೆ. ರಬ್ಬರ್ ಚಕ್ರ, ಓಮ್ನಿ, ಮೆಕಾನಮ್, ಬೆಲ್ಟು, ಟ್ರ್ಯಾಕು, ಯಾವ ಕಂಪನಿಯದ್ದಾದರೂ ಆಗಬಹುದು, ತ್ರೀಡಿ ಪ್ರಿಂಟ್ ಮಾಡಿದ್ದೂ ಆಗಬಹುದು. ಸ್ವೀಡನ್ನಿನ ಬೆಂಗ್ಟ್ ಇಲೋನ್ 1970ರ ದಶಕದಲ್ಲಿ ರೂಪಿಸಿದ ಮೆಕಾನಮ್ ಚಕ್ರ ಈ ಸ್ಪರ್ಧೆಯ ಅಚ್ಚುಮೆಚ್ಚು. ಅಂಚಿನ ಸುತ್ತ 45 ಡಿಗ್ರಿ ಓರೆಯಾಗಿ ಕೂತ ರೋಲರುಗಳಿಂದಾಗಿ ರೋಬೋ ಮುಖ ತಿರುಗಿಸದೆ ಅಡ್ಡಡ್ಡ ಸರಿಯುತ್ತದೆ. ಎಸ್.ಪಿ. ರೋಡಿನ ಮೋಟಾರ್ ಒಲ್ಲೆನೆಂದ ಪುಸ್ತಕವೇ ಅಲ್ಲಿಂದ ತಂದ ಮೆಕಾನಮ್ ಚಕ್ರಕ್ಕೆ ಒಲ್ಲೆ ಎನ್ನುವುದಿಲ್ಲ. ಖರ್ಚು ಉಳಿಸುವವರಿಗೆ ಉಳಿಸುವ ಜಾಗ ಇದು. ಆದರೆ ಕೊಳ್ಳುವಾಗ ಎಡದ ಜೋಡಿ, ಬಲದ ಜೋಡಿ ಸರಿಯಾಗಿವೆಯೇ ನೋಡಿ. ನಾಲ್ಕೂ ಒಂದೇ ಕಡೆಯ ಓರೆಯವು ಬಂದರೆ ಅಡ್ಡ ಸರಿಯುವ ಆಸೆ ಬಿಡಬೇಕು. ಮೇಲಿನಿಂದ ನೋಡಿದಾಗ ನಾಲ್ಕು ಚಕ್ರಗಳ ರೋಲರುಗಳು ಇಂಗ್ಲಿಷಿನ ‘ಎಕ್ಸ್’ ಆಕಾರದಲ್ಲಿ ಕಾಣಬೇಕು.

ಷರತ್ತು ಇಲ್ಲವೆಂದಲ್ಲ. ಟೈಲಿಗೆ ಪೆಟ್ಟಾಗಬಾರದು. ಮುಳ್ಳಿನಂಥ ತುದಿ, ಮರಳುಕಾಗದ, ಚೂಪು ಲೋಹದ ಅಂಚು, ನೆಲಕ್ಕೆ ಅಂಟು ಉಳಿಸುವ ಲೇಪ ಯಾವುದೂ ಕೂಡದು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದ ಚಕ್ರದ ಹಲ್ಲುಗಳನ್ನು ಕೈಯಿಂದ ಸವರಿ ನೋಡುವ ತಪಾಸಕರಿದ್ದಾರೆ.

ಸಿದ್ಧವಾಗಿ ಕೊಳ್ಳುವ ಭಾಗಗಳಿಗೆ ಇನ್ನೊಂದು ಷರತ್ತಿದೆ, ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸುವುದು ಅದೇ. ಅಂಗಡಿಯಿಂದ ತಂದ ಯಾಂತ್ರಿಕ ಭಾಗ ಒಂದೇ ಬಗೆಯ ಚಲನೆ ಕೊಡಬೇಕು: ಒಂದು ಅಚ್ಚಿನ ಸುತ್ತ ತಿರುಗಬೇಕು, ಇಲ್ಲವೇ ಒಂದು ಗೆರೆಯಲ್ಲಿ ಜಾರಬೇಕು. ಗೇರ್‌ಬಾಕ್ಸ್ ಸರಿ, ಲೀನಿಯರ್ ಸ್ಲೈಡ್ ಸರಿ, ತಿರುಗುಮಣೆ ಸರಿ. ಎರಡು ಬಗೆಯ ಚಲನೆ ಒಟ್ಟಿಗೆ ಬಂದರೆ ಅದು ತಂಡ ತಾನೇ ಕಟ್ಟಬೇಕಾದ ಭಾಗ ಎಂಬುದು ಇದರ ಆಶಯ. ಆದರೆ ಇದಕ್ಕೆ ವಿನಾಯಿತಿಗಳಿವೆ: ಓಮ್ನಿ, ಮೆಕಾನಮ್ ಚಕ್ರಗಳಿಗೆ ಉಂಟು, ಸಿದ್ಧ ಷಾಸಿ ಕಿಟ್‌ಗಳಿಗೆ ಉಂಟು. ಆಂಡಿಮಾರ್ಕ್‌ನ ಟೈಲ್‌ರನ್ನರ್, ಗೋಬಿಲ್ಡಾದ ಸ್ಟ್ರೇಫರ್ ಅಂಥ ಕಿಟ್‌ಗಳು. ಸ್ಕ್ರೂ ಬಿಗಿದು ಅಂದೇ ಓಡಿಸಬಹುದು. ಸ್ವರ್ವ್ ಘಟಕ ಕೊಳ್ಳುವ ಮುನ್ನ ಮಾತ್ರ ಆ ಋತುವಿನ ವಿನಾಯಿತಿ ಪಟ್ಟಿಯನ್ನು ಬೆರಳಿಟ್ಟು ಓದಿ. ಸ್ವರ್ವ್ ಘಟಕದಲ್ಲಿ ಚಕ್ರ ಉರುಳುವುದೂ ಉಂಟು, ಚಕ್ರದ ದಿಕ್ಕೇ ಬದಲಾಗುವುದೂ ಉಂಟು. ಎರಡು ಚಲನೆ ಎಂಬ ಪ್ರಶ್ನೆ ಏಳುವುದು ಇಲ್ಲೇ. ತಾವೇ ವಿನ್ಯಾಸ ಮಾಡಿ, ದಿಕ್ಕು ಬದಲಿಸಲು ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಸಾಧನ) ಬಳಸಿ ಸ್ವರ್ವ್ ಕಟ್ಟಿದ ತಂಡಗಳು ಈ ಸ್ಪರ್ಧೆಯಲ್ಲಿವೆ.

ಸಡಿಲ ಜಾಗದಲ್ಲಿ ತಲೆ ಓಡಿಸುವುದು ಎಂದರೆ ಏನು ಎನ್ನುವುದಕ್ಕೆ ‘ಪವರ್ ಟೇಕ್ ಆಫ್’ ಒಳ್ಳೆಯ ಉದಾಹರಣೆ. ನಿಯಮದಲ್ಲಿ ಒಂಬತ್ತನೇ ಮೋಟಾರಿಗೆ ಜಾಗವಿಲ್ಲ. ಆದರೆ ಆಟದ ಕೊನೆಯಲ್ಲಿ ರೋಬೋ ಕಂಬಿಗೆ ನೇತಾಡಬೇಕಾದಾಗ ಚಕ್ರಗಳಿಗೆ ಕೆಲಸವಿರುವುದಿಲ್ಲ. ಒಂದು ಸರ್ವೋ ಗೇರನ್ನು ಪಕ್ಕಕ್ಕೆ ಸರಿಸಿ, ಓಡಾಟದ ಮೋಟಾರಿನ ಬಲವನ್ನೇ ಎತ್ತುವ ರಾಟೆಗೆ ತಿರುಗಿಸಿದರೆ ಮೋಟಾರ್ ಎಂಟೇ ಇರುತ್ತದೆ, ಕೆಲಸ ಹೆಚ್ಚಾಗುತ್ತದೆ. 2024–25ರ ‘ಇನ್‌ಟು ದ ಡೀಪ್’ ಆಟದಲ್ಲಿ ಹೀಗೆ ಮಾಡಿದವರು ಇದ್ದರು.

ಬೇರೆ ಅಂಕಣಗಳಲ್ಲಿ

ವೆಕ್ಸ್ ವಿ5 ಸ್ಪರ್ಧೆಯಲ್ಲಿ ಚಕ್ರವೂ ಬಿಗಿ. ಚಕ್ರ, ಗೇರು, ಚೈನು ಎಲ್ಲ ವೆಕ್ಸ್‌ನದೇ ಆಗಬೇಕು. ಮೋಟಾರಿಗೆ ಸಂಖ್ಯೆಯ ಬದಲು ವ್ಯಾಟಿನ ಲೆಕ್ಕ: 2023–24ರ ‘ಓವರ್ ಅಂಡರ್’ ಆಟದಿಂದ 11 ವ್ಯಾಟಿನವನ್ನೂ 5.5 ವ್ಯಾಟಿನವನ್ನೂ ಬೆರೆಸಿ ಒಟ್ಟು 88 ವ್ಯಾಟ್ ಮೀರದಂತೆ ಹಂಚಿಕೊಳ್ಳುವ ಕ್ರಮ ಬಂತು. ದೊಡ್ಡ ಮೋಟಾರಿನೊಳಗೆ ಗೇರ್ ಕಾರ್ಟ್ರಿಜ್ ಕೂರುತ್ತದೆ: ಕೆಂಪು 100, ಹಸಿರು 200, ನೀಲಿ 600 ಆರ್‌ಪಿಎಂ. ಬೇರೆಯವರು ಮಾಡಿದ ಕಾರ್ಟ್ರಿಜ್ ಹಾಕುವಂತಿಲ್ಲ. ಖರ್ಚಿನ ದೃಷ್ಟಿಯಿಂದ ಇದು ಕಷ್ಟ. ಗೊಂದಲದ ದೃಷ್ಟಿಯಿಂದ ಇಷ್ಟು ನೆಮ್ಮದಿ ಇನ್ನೊಂದರಲ್ಲಿಲ್ಲ.

ಪ್ರೌಢಶಾಲೆಯ ಹಿರಿಯರಿಗಿರುವ ‘ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್’ 1992ರಿಂದ ನಡೆದಿದೆ. ಅಲ್ಲಿ 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ, 120 ಆಂಪಿಯರಿನ ಮುಖ್ಯ ಬ್ರೇಕರ್, ನಿಯೋ, ಕ್ರಾಕೆನ್‌ನಂಥ ಬ್ರಷ್‌ಲೆಸ್ ಮೋಟಾರ್, ನೆಲಕ್ಕೆ ಕಾರ್ಪೆಟ್. ಅಂಗಡಿಯ ಸ್ವರ್ವ್ ಘಟಕ ಅಲ್ಲಿ ಸರ್ವೇಸಾಮಾನ್ಯ. ಆದರೆ ರೋಬೋವನ್ನು ಓಡಿಸುವ ಮೋಟಾರ್ ಹೆಚ್ಚೆಂದರೆ ನಾಲ್ಕೇ ಇರಬೇಕೆಂದು ಇತ್ತೀಚಿನ ನಿಯಮ ಹೇಳುತ್ತದೆ. ಚಕ್ರದ ದಿಕ್ಕು ತಿರುಗಿಸುವ ಮೋಟಾರು ಆ ನಾಲ್ಕರಲ್ಲಿ ಸೇರುವುದಿಲ್ಲ.

ಚಿಕ್ಕ ಮಕ್ಕಳ ‘ಫಸ್ಟ್ ಲೆಗೊ ಲೀಗ್ ಚಾಲೆಂಜ್’ನಲ್ಲಿ ಲೆಗೊ ಮೋಟಾರ್ ನಾಲ್ಕು, ಮುಗಿಯಿತು.

ವರ್ಲ್ಡ್ ರೋಬೋಟ್ ಒಲಿಂಪಿಯಾಡ್ 2004ರಲ್ಲಿ ಸಿಂಗಪುರದಲ್ಲಿ ಶುರುವಾದದ್ದು. 2016ರ ಅಂತಿಮ ಸುತ್ತು ದೆಹಲಿಯಲ್ಲೇ ನಡೆದಿತ್ತು. ಅದರ ‘ಫ್ಯೂಚರ್ ಎಂಜಿನಿಯರ್ಸ್’ ವಿಭಾಗ ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ತಲೆಕೆಳಗು ಮಾಡುತ್ತದೆ. ಮೋಟಾರ್ ಯಾವ ಕಂಪನಿಯದ್ದೂ ಆಗಬಹುದು. ಬಿಗಿ ಇರುವುದು ಚಕ್ರಗಳ ಜೋಡಣೆಯಲ್ಲಿ. ನಾಲ್ಕು ಚಕ್ರದ ಕಾರೇ ಆಗಬೇಕು, ಗರಿಷ್ಠ 300 ಮಿಲಿಮೀಟರ್ ಉದ್ದ, 200 ಅಗಲ, 300 ಎತ್ತರ, ತೂಕ ಒಂದೂವರೆ ಕಿಲೋ. ಒಂದು ಅಚ್ಚಿಗೆ ಮಾತ್ರ ಬಲ, ತಿರುಗಲು ಬೇರೆಯೇ ಸ್ಟಿಯರಿಂಗ್. ಎಡದ ಮೋಟಾರ್ ನಿಧಾನ, ಬಲದ್ದು ವೇಗ ಮಾಡಿ ತಿರುಗುವ ಟ್ಯಾಂಕ್ ವಿಧಾನ ನಿಷಿದ್ಧ. ಓಮ್ನಿ ಚಕ್ರವಿಲ್ಲ, ಗೋಲಿಯಂಥ ಕ್ಯಾಸ್ಟರಿಲ್ಲ. ಎರಡು ಮೋಟಾರ್ ಬಳಸಿದರೂ ಅವು ಒಂದೊಂದು ಚಕ್ರಕ್ಕೆ ಪ್ರತ್ಯೇಕವಾಗಿ ಕೂರದೆ ಒಂದೇ ಅಚ್ಚನ್ನು ತಿರುಗಿಸಬೇಕು. ನಿಜವಾದ ಕಾರು ತಿರುಗುವ ಹಾಗೆಯೇ ತಿರುಗಬೇಕೆಂಬುದು ಇಲ್ಲಿನ ಹಟ. ಹಳದಿ ಬಿಒ ಮೋಟಾರ್ ಎರಡು, ಮುಂದೊಂದು ಕ್ಯಾಸ್ಟರ್ ಇರುವ ಶಾಲಾ ಕಿಟ್ಟಿನಲ್ಲಿ ಕಲಿತ ಮಕ್ಕಳು ಇಲ್ಲಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಹಳೇ ಆಟಿಕೆ ಆರ್‌ಸಿ ಕಾರಿನ ಷಾಸಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಪಟ್ಟಿ ಪದ್ಧತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಕಣದೊಳಗೆ ಅದು ನ್ಯಾಯ: ದುಡ್ಡಿದ್ದ ತಂಡ ದೊಡ್ಡ ಮೋಟಾರ್ ತಂದು ಗೆಲ್ಲುವಂತಿಲ್ಲ. ಅಂಗಡಿಯಲ್ಲಿ ಅದೇ ಮಾತು ಹೇಳಲಾಗದು. ಅಮೆರಿಕದ ತಂಡಕ್ಕೆ ನಾಲ್ಕು ದಿನದಲ್ಲಿ ಮನೆ ಬಾಗಿಲಿಗೆ ಬರುವ ಮೋಟಾರಿಗೆ ಇಲ್ಲಿನವರು ಸಾಗಣೆ, ಸುಂಕ ಕಟ್ಟಿ ಕಾಯಬೇಕು. ಹಾಗಾಗಿ ಇಲ್ಲಿಂದ ಆಡುವವರು ಮೊದಲ ಆರ್ಡರಿನಲ್ಲೇ ಮೋಟಾರ್, ಹಬ್, ಬ್ಯಾಟರಿಯ ದುಡ್ಡು ಎತ್ತಿಟ್ಟು, ಚಕ್ರ, ಅಲ್ಯೂಮಿನಿಯಂ ಪಟ್ಟಿ, ಬೇರಿಂಗ್‌ಗಳನ್ನು ಊರಿನಲ್ಲೇ ಹೊಂದಿಸಿಕೊಳ್ಳುವುದು ಲೇಸು.

ಫಸ್ಟ್ ಟೆಕ್ ಚಾಲೆಂಜ್‌ನ ಆಟ ಪ್ರತಿ ಸೆಪ್ಟೆಂಬರಿನಲ್ಲಿ ಪ್ರಕಟವಾಗುತ್ತದೆ. ಹಿಂದೆ ಎರಡು ಭಾಗಗಳಲ್ಲಿ ಬರುತ್ತಿದ್ದ ಕೈಪಿಡಿ 2024–25ರಿಂದ ಒಂದೇ ಪುಸ್ತಕವಾಗಿದೆ. ರೋಬೋ ಕಟ್ಟುವ ನಿಯಮಗಳಿಗೆ ‘ಆರ್’ ಎಂಬ ಅಕ್ಷರದಿಂದ ಶುರುವಾಗುವ ಸಂಖ್ಯೆ. ಋತುವಿನ ನಡುವೆ ‘ಟೀಮ್ ಅಪ್‌ಡೇಟ್’ಗಳು ಬರುತ್ತವೆ, ಅವಕ್ಕೂ ಪುಸ್ತಕದಷ್ಟೇ ಬೆಲೆ. ಸಂಶಯವಿದ್ದರೆ ಅಧಿಕೃತ ಪ್ರಶ್ನೋತ್ತರ ವಿಭಾಗದಲ್ಲಿ ಪಾರ್ಟ್ ನಂಬರ್ ಸಮೇತ ಕೇಳಬೇಕು. ಹಿರಿಯ ತಂಡದವರು ‘ಹೋದ ವರ್ಷ ನಡೀತು’ ಎಂದರೆ ಅದನ್ನು ಒಳ್ಳೆಯ ಮನಸ್ಸಿನ ಮಾತೆಂದು ಕೇಳಿಸಿಕೊಂಡು ಪುಸ್ತಕ ತೆರೆಯಿರಿ. ತಪಾಸಣೆಯ ಚೆಕ್‌ಲಿಸ್ಟ್ ಮೊದಲೇ ಸಿಗುತ್ತದೆ. ಸ್ಪರ್ಧೆಗೆ ಎರಡು ವಾರ ಮುಂಚೆ ರೋಬೋ ಕಟ್ಟದ ಒಬ್ಬ ಹುಡುಗಿಯ ಕೈಗೋ ಹುಡುಗನ ಕೈಗೋ ಅದನ್ನು ಕೊಟ್ಟು ಸಾಲು ಸಾಲಾಗಿ ನೋಡಲು ಹೇಳಿ.

ಕೊನೆಗೆ ಬಿಡಿ ಮೋಟಾರಿನ ವಿಷಯ. ಎಂಟರ ಲೆಕ್ಕ ರೋಬೋದ ಮೇಲಿರುವುದಕ್ಕೆ ಮಾತ್ರ; ಪೆಟ್ಟಿಗೆಯಲ್ಲಿ ಎಷ್ಟಾದರೂ ಇರಬಹುದು. ಓಡಾಟದ್ದಕ್ಕೆ ಕಡೇಪಕ್ಷ ಒಂದು ಹೆಚ್ಚುವರಿ ಇಟ್ಟುಕೊಳ್ಳಿ, ಅದೇ ಅನುಪಾತದ್ದೇ ಆಗಿರಲಿ. 312 ಮತ್ತು 435 ಹೊರಗಿನಿಂದ ಅವಳಿಗಳಂತೆ ಕಾಣುತ್ತವೆ. ಅವಸರದಲ್ಲಿ ತಪ್ಪಿ ಹಾಕಿದರೆ ರೋಬೋ ನೇರ ಹೋಗದೆ ಒಂದು ಕಡೆಗೆ ವಾಲುತ್ತದೆ, ಮಕ್ಕಳು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತ ಅರ್ಧ ದಿನ ಕಳೆಯುತ್ತಾರೆ. ಸ್ಟಿಕ್ಕರ್ ಮುಚ್ಚದಂತೆ, ಗೇರ್‌ಬಾಕ್ಸಿನ ಇನ್ನೊಂದು ಮಗ್ಗುಲಲ್ಲಿ ಮಾರ್ಕರಿನಿಂದ ಆರ್‌ಪಿಎಂ ಬರೆದಿಡಿ.